ಸ್ಕ್ಯಾನ್ ಮಾಡಿದರೆ ಮುಗಿಯಿತೇ? ಕರಾವಳಿಯ ಹಳೆಯ ಪತ್ರಿಕೆಗಳನ್ನು ಉಳಿಸುವ ಲೆಕ್ಕಾಚಾರ

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಮಂಗಳೂರಿನ ಬಾಸೆಲ್ ಮಿಷನ್ನಿನ ಕಲ್ಲಚ್ಚಿನಿಂದ ಹೊರಬಂತು ಎಂಬುದು ಇಲ್ಲಿನ ಶಾಲೆಯ ಮಕ್ಕಳಿಗೂ ಗೊತ್ತು. ಸಂಪಾದಕ ಹರ್ಮನ್ ಮೋಗ್ಲಿಂಗ್, ಹದಿನೈದು ದಿನಕ್ಕೊಂದು ಸಂಚಿಕೆ, ಮರುವರ್ಷವೇ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಎಂದು ಹೆಸರು ಬದಲಾವಣೆ. ಪ್ರತಿ ಜುಲೈಯ ಪತ್ರಿಕಾ ದಿನಾಚರಣೆಯ ಭಾಷಣಗಳಲ್ಲಿ ಇಷ್ಟು ತಪ್ಪದೆ ಬರುತ್ತದೆ. ಆಮೇಲಿನ 180 ವರ್ಷಗಳಲ್ಲಿ ಇದೇ ನೆಲದಲ್ಲಿ ಅಚ್ಚಾದ ಸಾವಿರಾರು ಸಂಚಿಕೆಗಳಲ್ಲಿ ಯಾವುದು ಈಗ ಎಲ್ಲಿದೆ, ಯಾವುದು ಗೆದ್ದಲಿನ ಪಾಲಾಯಿತು ಎಂಬ ಪ್ರಶ್ನೆಯನ್ನು ಮಾತ್ರ ಅಲ್ಲಿ ಯಾರೂ ಎತ್ತುವುದಿಲ್ಲ.

ಎತ್ತಿದರೆ ಸಿದ್ಧ ಉತ್ತರವೊಂದಿದೆ: ‘ಎಲ್ಲವನ್ನೂ ಸ್ಕ್ಯಾನ್ ಮಾಡಿ ಅಂತರಜಾಲಕ್ಕೆ ಹಾಕಿಬಿಡಿ.’ ಕೇಳಲು ಸರಳ. ಆದರೆ ಪತ್ರಿಕೆಗಳ ಡಿಜಿಟಲೀಕರಣದಲ್ಲಿ ಸ್ಕ್ಯಾನಿಂಗ್ ಎಂಬುದು ನಡುವಿನ ಒಂದು ಹಂತ, ಅದೂ ಹೆಚ್ಚು ತಲೆ ಓಡಿಸಬೇಕಿಲ್ಲದ ಹಂತ. ಅದರ ಹಿಂದೆ ಪಟ್ಟಿ ಮಾಡುವ ಕೆಲಸವಿದೆ, ಮುಂದೆ ಅಕ್ಷರ ಗುರುತಿಸುವ ಮತ್ತು ಕಡತ ಕಾಯುವ ಕೆಲಸಗಳಿವೆ. ದುಡ್ಡು, ಬುದ್ಧಿ, ವರ್ಷಗಳು ಖರ್ಚಾಗುವುದು ಅಲ್ಲಿ.

ಕಾಗದ ತಾನಾಗಿಯೇ ಸಾಯುತ್ತದೆ

ವಿಚಿತ್ರವೆನ್ನಿಸಬಹುದು: 1850ರ ಹೊತ್ತಿನ ಎಷ್ಟೋ ಪುಸ್ತಕಗಳ ಹಾಳೆ ಇನ್ನೂ ಮಡಚಿದರೆ ಮಡಚುತ್ತದೆ, 1950ರ ಪತ್ರಿಕೆ ಮುಟ್ಟಿದರೆ ಪುಡಿಯಾಗುತ್ತದೆ. ಹಿಂದಿನ ಕಾಗದ ಹತ್ತಿ ಮತ್ತು ನಾರಿನ ಚಿಂದಿಬಟ್ಟೆಯಿಂದ ತಯಾರಾಗುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮರವನ್ನು ಅರೆದು ಮಾಡಿದ ಅಗ್ಗದ ತಿರುಳು ಬಂತು. ಪತ್ರಿಕಾ ಕಾಗದ ಹೆಚ್ಚಾಗಿ ಈ ತಿರುಳಿನದ್ದೇ. ಮರದಲ್ಲಿರುವ ಲಿಗ್ನಿನ್ ಎಂಬ ಅಂಶ ಬೆಳಕು ಮತ್ತು ಗಾಳಿ ತಾಗಿ ಹಳದಿಯಾಗುತ್ತದೆ, ಆಮ್ಲ ಬಿಡುತ್ತದೆ. ಆ ಆಮ್ಲ ಕಾಗದದ ನಾರನ್ನು ತುಂಡರಿಸುತ್ತಾ ಹೋಗುತ್ತದೆ. ಹೊರಗಿನ ಶತ್ರು ಯಾರೂ ಇಲ್ಲದಿದ್ದರೂ ಇದು ನಡೆಯುತ್ತಲೇ ಇರುತ್ತದೆ.

ನಮ್ಮಲ್ಲಿ ಹೊರಗಿನ ಶತ್ರುಗಳಿಗೂ ಕೊರತೆಯಿಲ್ಲ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗಾಳಿಯ ತೇವಾಂಶ ಶೇಕಡಾ 65ನ್ನು ದಾಟಿ ಕೆಲವು ದಿನ ಅಲ್ಲೇ ನಿಂತರೆ ಬೂಷ್ಟು ಹಿಡಿಯಲು ಸಾಕು. ತುಳುವರ ಆಟಿ ತಿಂಗಳಲ್ಲಿ, ಎಂದರೆ ಜೋರು ಮಳೆಯ ದಿನಗಳಲ್ಲಿ, ಹಂಚಿನ ಮನೆಯ ಅಟ್ಟದ ಸ್ಥಿತಿ ಹೇಗಿರುತ್ತದೆ ಎಂದು ಹೇಳಬೇಕಾಗಿಲ್ಲ. ಒರಲೆ, ಬೆಳ್ಳಿ ಬಣ್ಣದ ಪುಟ್ಟ ಹುಳು, ಇಲಿ ಇವೆಲ್ಲ ಆಮೇಲೆ ಬರುವ ನೆಂಟರು. ನುಸಿಗುಳಿಗೆ ಇಟ್ಟರೆ ವಾಸನೆ ಬರುತ್ತದೆಯೇ ಹೊರತು ತೇವ ಕಡಿಮೆಯಾಗುವುದಿಲ್ಲ. ಹರಿದ ಕಡೆ ಸೆಲೋಟೇಪ್ ಅಂಟಿಸುವುದಂತೂ ಹಾಳೆಗೆ ಮಾಡುವ ದೊಡ್ಡ ಅಪಚಾರ. ಕೆಲವು ವರ್ಷಗಳಲ್ಲಿ ಟೇಪ್ ಉದುರುತ್ತದೆ, ಅದರ ಕಂದು ಅಂಟು ಅಕ್ಷರಗಳ ಮೇಲೆ ಉಳಿಯುತ್ತದೆ. ಅಪರೂಪದ ಸಂಚಿಕೆ ಎಂದು ಲ್ಯಾಮಿನೇಷನ್ ಮಾಡಿಸುವವರೂ ಇದ್ದಾರೆ. ಬಿಸಿ ಪ್ಲಾಸ್ಟಿಕ್ಕಿನೊಳಗೆ ಆಮ್ಲವೂ ಭದ್ರವಾಗಿ ಉಳಿಯುತ್ತದೆ, ಮತ್ತೆ ಹೊರತೆಗೆಯಲು ದಾರಿಯಿಲ್ಲ. ಸಂರಕ್ಷಣೆ ಬಲ್ಲವರು ತೆಳುವಾದ ಜಪಾನಿ ಕಾಗದವನ್ನು ಪಿಷ್ಟದ ಅಂಟಿನಿಂದ ಹಚ್ಚುತ್ತಾರೆ. ಅದನ್ನು ಬೇಕೆಂದಾಗ ನೀರು ತಾಗಿಸಿ ಬಿಡಿಸಬಹುದು.

ಮೊದಲು ಬೇಕಾದದ್ದು ಒಂದು ಪಟ್ಟಿ

ದಕ್ಷಿಣ ಕನ್ನಡದ ಪತ್ರಿಕೆಗಳು ಏಕೆ ಚದುರಿಹೋಗಿವೆ ಎಂದು ತಿಳಿಯಲು ಆಡಳಿತದ ಇತಿಹಾಸ ನೋಡಬೇಕು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು, ದಕ್ಷಿಣ ಕನ್ನಡ 1956ರವರೆಗೆ ಮದ್ರಾಸಿನಲ್ಲೇ ಉಳಿಯಿತು. ಹಾಗಾಗಿ ಸ್ವಾತಂತ್ರ್ಯಪೂರ್ವದ ಸರ್ಕಾರಿ ಕಡತಗಳನ್ನು ಹುಡುಕುವವರು ಬೆಂಗಳೂರಿಗೆ ಹೋಗಿ ಪ್ರಯೋಜನ ಕಡಿಮೆ, ಚೆನ್ನೈಗೆ ಹೋಗಬೇಕು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. 1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾಯಿತು. ಮಿಷನ್ನಿನ ದಾಖಲೆಗಳಲ್ಲಿ ಒಂದು ಪಾಲು ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿದೆ, ಒಂದು ಪಾಲು ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ. ಅದೇ ಮಿಷನ್ನಿನ ಪಾದ್ರಿ, ಮಲಯಾಳಂ ವಿದ್ವಾಂಸ ಹರ್ಮನ್ ಗುಂಡರ್ಟ್ ಅವರ ಸಂಗ್ರಹವನ್ನು ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯ ಡಿಜಿಟಲ್ ರೂಪಕ್ಕೆ ತಂದು 2018ರಲ್ಲಿ ಎಲ್ಲರಿಗೂ ತೆರೆದಿಟ್ಟಿತು. ಅದರಲ್ಲಿ ಮಲಯಾಳಂ ಹೆಚ್ಚು, ಕನ್ನಡ ಮತ್ತು ತುಳು ಸ್ವಲ್ಪ.

ಇನ್ನೊಂದು ಅನಿರೀಕ್ಷಿತ ಜಾಗವಿದೆ. ಬ್ರಿಟಿಷ್ ಸರ್ಕಾರ ದೇಶಭಾಷೆಗಳ ಪತ್ರಿಕೆಗಳನ್ನು ಅನುಮಾನದಿಂದಲೇ ಓದುತ್ತಿತ್ತು. ಮದ್ರಾಸ್ ಸರ್ಕಾರದ ಭಾಷಾಂತರಕಾರರು ತಮಿಳು, ತೆಲುಗು, ಮಲಯಾಳಂ, ಕನ್ನಡ ಪತ್ರಿಕೆಗಳಲ್ಲಿ ತಮಗೆ ಮುಖ್ಯವೆನಿಸಿದ್ದನ್ನು ಇಂಗ್ಲಿಷಿನಲ್ಲಿ ಸಂಗ್ರಹಿಸಿ ಗೋಪ್ಯ ವರದಿಗಳಾಗಿ ಮೇಲಕ್ಕೆ ಕಳುಹಿಸುತ್ತಿದ್ದರು. ಮೂಲ ಸಂಚಿಕೆ ನಾಶವಾಗಿ, ಅದನ್ನು ಹತ್ತಿಕ್ಕಲು ಬರೆದ ಟಿಪ್ಪಣಿ ಮಾತ್ರ ಉಳಿದಿರುವ ಸಂದರ್ಭಗಳು ಸಂಶೋಧಕರಿಗೆ ಹೊಸದಲ್ಲ. ಹಾಗಿದ್ದರೂ ಅದು ಪೊಲೀಸ್ ಕಣ್ಣಿನ ಓದು. ಅಡಿಕೆ ಧಾರಣೆ, ಬಂದರಿಗೆ ಬಂದ ಹಡಗು, ಯಕ್ಷಗಾನ ಮೇಳದ ಜಾಹೀರಾತು, 1923ರ ನೇತ್ರಾವತಿ ನೆರೆಯಲ್ಲಿ ಕೊಚ್ಚಿಹೋದ ಮನೆಗಳ ಸುದ್ದಿ ಇವೆಲ್ಲ ಅಂಥ ವರದಿಗೆ ಬೇಕಾದ ಸರಕಲ್ಲ.

ಇಷ್ಟೆಲ್ಲ ಚದುರಿರುವಾಗ ಯಂತ್ರ ಕೊಳ್ಳುವ ಮೊದಲು ಯಾವ ಪತ್ರಿಕೆಯ ಯಾವ ದಿನಾಂಕದ ಸಂಚಿಕೆ ಯಾರ ಬಳಿ, ಯಾವ ಸ್ಥಿತಿಯಲ್ಲಿದೆ ಎಂಬ ಒಂದೇ ಪಟ್ಟಿ ಬೇಕು. ‘ಸ್ವದೇಶಾಭಿಮಾನಿ’, ಕಡೆಂಗೋಡ್ಲು ಶಂಕರಭಟ್ಟರು ನಡೆಸಿದ ‘ರಾಷ್ಟ್ರಬಂಧು’, ‘ನವಭಾರತ’, ವಡ್ಡರ್ಸೆ ರಘುರಾಮ ಶೆಟ್ಟರು 1984ರಲ್ಲಿ ಆರಂಭಿಸಿದ ‘ಮುಂಗಾರು’ ಇವುಗಳಿಗೆ ಒಂದೊಂದು ಹಾಳೆ ತೆರೆದು, ತಿಂಗಳಿಗೊಂದು ಸಾಲು ಹಾಕಿ ತುಂಬುತ್ತಾ ಹೋದರೂ ಸಾಕು. ಇಲ್ಲದ ಸಂಚಿಕೆಯನ್ನು ‘ಇಲ್ಲ’ ಎಂದು ಬರೆಯುವುದೂ ಮಾಹಿತಿಯೇ. ಆಗ ಒಂದೇ ಸಂಪುಟವನ್ನು ಮೂರು ಸಂಸ್ಥೆಗಳು ಮೂರು ಸಲ ಸ್ಕ್ಯಾನ್ ಮಾಡುವುದು ತಪ್ಪುತ್ತದೆ, ಮತ್ತೆಲ್ಲೂ ಇಲ್ಲದ ಸಂಪುಟ ಸರದಿಯಲ್ಲಿ ಮುಂದೆ ಬರುತ್ತದೆ. ಈ ಕೆಲಸಕ್ಕೆ ಅನುದಾನ ಸಿಗುವುದು ಕಷ್ಟ, ಏಕೆಂದರೆ ಉದ್ಘಾಟಿಸಲು ಏನೂ ಇರುವುದಿಲ್ಲ.

ಕ್ಯಾಮೆರಾದ ಮುಂದೆ

ಪತ್ರಿಕಾ ಕಚೇರಿಗಳು ತಿಂಗಳ ಸಂಚಿಕೆಗಳನ್ನು ಒಟ್ಟುಗೂಡಿಸಿ ದಪ್ಪ ಸಂಪುಟ ಕಟ್ಟಿಸುವುದು ವಾಡಿಕೆ. ಹೊಲಿಗೆಯ ಪಕ್ಕದ ಕಾಲಂ ಒಳಕ್ಕೆ ಬಾಗಿ ಅರ್ಧ ಅಕ್ಷರ ಕಾಣದಂತಾಗುತ್ತದೆ. ಕಚೇರಿಯ ಸಾಮಾನ್ಯ ಸ್ಕ್ಯಾನರ್ ಮೇಲೆ ಬೋರಲು ಹಾಕಿ ಒತ್ತಿದರೆ ಬೆನ್ನು ಮುರಿಯುತ್ತದೆ. ಆದ್ದರಿಂದ ಸಂಪುಟವನ್ನು ಅರೆತೆರೆದು ಕೂರಿಸುವ ತೊಟ್ಟಿಲು, ಮೇಲಿನಿಂದ ನೋಡುವ ಕ್ಯಾಮೆರಾ, ಎರಡೂ ಬದಿಯಿಂದ ಸಮನಾದ ಬೆಳಕು ಇರುವ ವ್ಯವಸ್ಥೆ ಬೇಕು. ಪುಟದ ಪಕ್ಕದಲ್ಲಿ ಒಂದು ಅಳತೆಪಟ್ಟಿ ಮತ್ತು ಬಣ್ಣದ ಪಟ್ಟಿ ಇಡುತ್ತಾರೆ. ಮೂಲ ಎಷ್ಟು ದೊಡ್ಡದಿತ್ತು, ಎಷ್ಟು ಹಳದಿಯಾಗಿತ್ತು ಎಂದು ಮುಂದೆ ನೋಡುವವರಿಗೆ ತಿಳಿಯಬೇಕಲ್ಲ.

ಮೊಬೈಲಿನಲ್ಲಿ ಚಿತ್ರ ತೆಗೆಯಬಾರದೇ? ಏನೂ ಇಲ್ಲದಿರುವುದಕ್ಕಿಂತ ಮೇಲು, ಖಂಡಿತ. ಆದರೆ ಮೊಬೈಲಿನ ಸ್ಕ್ಯಾನಿಂಗ್ ಆ್ಯಪ್‌ಗಳಿಗೆ ಒಂದು ದುರಭ್ಯಾಸವಿದೆ: ಹಾಳೆಯನ್ನು ಬೆಳ್ಳಗೆ ಮಾಡಿ ಕೊಡುತ್ತವೆ. ಕಲೆ ಎಂದುಕೊಂಡು ಚುಕ್ಕಿ, ದೀರ್ಘ, ಒತ್ತಕ್ಷರದ ಬಾಲ ಎಲ್ಲವನ್ನೂ ಅಳಿಸುತ್ತವೆ. ಆ ಸೌಲಭ್ಯವನ್ನು ಆರಿಸಿಟ್ಟು ಸಾದಾ ಚಿತ್ರ ತೆಗೆಯುವುದು ಒಳ್ಳೆಯದು.

ಅಮೆರಿಕದ ರಾಷ್ಟ್ರೀಯ ಪತ್ರಿಕಾ ಡಿಜಿಟಲೀಕರಣ ಯೋಜನೆ ಪುಟಗಳನ್ನು ಇಂಚಿಗೆ 400 ಬಿಂದುಗಳಂತೆ, ಬೂದು ಛಾಯೆಯಲ್ಲಿ ಸೆರೆಹಿಡಿಯಬೇಕೆಂದು ಹೇಳುತ್ತದೆ. ಅದನ್ನೇ ಇಲ್ಲಿಗೆ ಅನ್ವಯಿಸಿ ಲೆಕ್ಕ ಹಾಕೋಣ. 15 ಇಂಚು ಅಗಲ, 22 ಇಂಚು ಉದ್ದದ ಪುಟ ಎಂದರೆ 6,000 ಬಿಂದು ಅಡ್ಡಕ್ಕೆ, 8,800 ಉದ್ದಕ್ಕೆ. ಒಟ್ಟು 5 ಕೋಟಿ 28 ಲಕ್ಷ. ಕುಗ್ಗಿಸದೆ ಇಟ್ಟರೆ ಬೂದು ಛಾಯೆಯಲ್ಲಿ ಪುಟಕ್ಕೆ ಸುಮಾರು 53 ಎಂಬಿ, ಬಣ್ಣದಲ್ಲಿ ಸುಮಾರು 158 ಎಂಬಿ. ಎಂಟು ಪುಟಗಳ ದಿನಪತ್ರಿಕೆ ವರ್ಷಕ್ಕೆ 360 ದಿನ ಬಂದರೆ 2,880 ಪುಟ, ಬಣ್ಣದಲ್ಲಿ ಸುಮಾರು 456 ಜಿಬಿ. ಇಪ್ಪತ್ತೈದು ವರ್ಷಕ್ಕೆ 11 ಟಿಬಿ ದಾಟುತ್ತದೆ. ಒಂದೇ ಪತ್ರಿಕೆ, ಒಂದೇ ಪ್ರತಿ ಇದು. ಓದುಗರಿಗೆ ತೋರಿಸಲು ಕುಗ್ಗಿಸಿದ ಪುಟ್ಟ ಚಿತ್ರ ಸಾಕು. ಕಾಪಾಡುವ ಮೂಲ ಚಿತ್ರವನ್ನು ಮಾತ್ರ ಗುಣ ಕಳೆಯುವ ರೀತಿಯಲ್ಲಿ ಕುಗ್ಗಿಸಬಾರದು.

ಕಡತಕ್ಕೆ ಹೆಸರಿಡುವುದು ಕ್ಷುಲ್ಲಕವಾಗಿ ಕಾಣುತ್ತದೆ. ಆದರೆ ಪತ್ರಿಕೆಯ ಹೆಸರು, ವರ್ಷ, ತಿಂಗಳು, ದಿನ, ಆವೃತ್ತಿ, ಪುಟ ಈ ಕ್ರಮ ಮೊದಲ ದಿನವೇ ಗೊತ್ತಾಗದಿದ್ದರೆ ಲಕ್ಷ ಪುಟಗಳಾದ ಮೇಲೆ ಸರಿಪಡಿಸುವವರು ಯಾರೂ ಸಿಗುವುದಿಲ್ಲ. ಆವೃತ್ತಿ ಎಂಬುದನ್ನು ಮರೆಯುವಂತಿಲ್ಲ. ಒಂದೇ ದಿನದ ಪತ್ರಿಕೆ ಒಂದೊಂದು ಊರಿಗೆ ಒಂದೊಂದು ಸ್ಥಳೀಯ ಪುಟ ಹೊತ್ತು ಹೋಗುತ್ತದೆ. ಕುಂದಾಪುರದ ಸುದ್ದಿ ಬಂದ ಪ್ರತಿಯೂ ಸುಳ್ಯದ ಸುದ್ದಿ ಬಂದ ಪ್ರತಿಯೂ ಬೇರೆಬೇರೆ ದಾಖಲೆಗಳು.

ಯಂತ್ರ ಕನ್ನಡ ಓದುವಾಗ

ಇಷ್ಟಾದರೂ ನಮ್ಮ ಕೈಯಲ್ಲಿರುವುದು ಚಿತ್ರಗಳು ಮಾತ್ರ. 1934ರ ಫೆಬ್ರವರಿಯಲ್ಲಿ ಗಾಂಧೀಜಿ ಮಂಗಳೂರು, ಉಡುಪಿಗೆ ಬಂದಾಗ ಪತ್ರಿಕೆಗಳು ಏನು ಬರೆದವು ಎಂದು ಹುಡುಕಬೇಕಾದರೆ ಚಿತ್ರದೊಳಗಿನ ಅಕ್ಷರಗಳು ಪಠ್ಯವಾಗಬೇಕು. ಈ ಕೆಲಸ ಮಾಡುವ ತಂತ್ರಾಂಶಕ್ಕೆ ಓಸಿಆರ್ ಎನ್ನುತ್ತಾರೆ. ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಟೆಸೆರಾಕ್ಟ್ ಕನ್ನಡವನ್ನೂ ಓದುತ್ತದೆ. 2018ರಲ್ಲಿ ಬಂದ ಅದರ ನಾಲ್ಕನೆಯ ಆವೃತ್ತಿ ನರಜಾಲ ಮಾದರಿಯ ಕಲಿಕೆಗೆ ಬದಲಾದ ಮೇಲೆ ಹೊಸ ಮುದ್ರಣದ ಪುಸ್ತಕಗಳ ಮಟ್ಟಿಗೆ ಫಲಿತಾಂಶ ಚೆನ್ನಾಗಿದೆ. ಹಳೆಯ ಪತ್ರಿಕೆಯ ಕತೆ ಬೇರೆ.

ಮೊದಲ ತೊಡಕು ಪುಟದ ವಿನ್ಯಾಸ. ಯಂತ್ರಕ್ಕೆ ಕಾಲಂ ಗೆರೆ ತಿಳಿಯದಿದ್ದರೆ ಅಡ್ಡಡ್ಡ ಓದುತ್ತದೆ. ಪುರಸಭೆಯ ತೆರಿಗೆ ಸುದ್ದಿಯ ಅರ್ಧ ಸಾಲಿಗೆ ಪಕ್ಕದ ಕಾಲಮ್ಮಿನ ಕೇಶತೈಲದ ಜಾಹೀರಾತಿನ ಅರ್ಧ ಸಾಲು ಸೇರಿ ಹೊಸ ಸಾಹಿತ್ಯ ಸೃಷ್ಟಿಯಾಗುತ್ತದೆ. ಅದಕ್ಕಾಗಿ ಪುಟವನ್ನು ಮೊದಲು ಸುದ್ದಿ, ಶೀರ್ಷಿಕೆ, ಚಿತ್ರ, ಜಾಹೀರಾತು ಎಂದು ತುಂಡುಗಳಾಗಿ ಗುರುತಿಸಬೇಕು. ‘5ನೇ ಪುಟಕ್ಕೆ’ ಎಂದು ಮುಂದುವರಿದ ಸುದ್ದಿಯ ಎರಡು ಭಾಗಗಳನ್ನು ಜೋಡಿಸಬೇಕು. ಪ್ರತಿ ಪದ ಪುಟದ ಯಾವ ಜಾಗದಲ್ಲಿದೆ ಎಂಬುದನ್ನೂ ದಾಖಲಿಸಬೇಕು. ಜಗತ್ತಿನ ಹೆಚ್ಚಿನ ಪತ್ರಿಕಾ ಸಂಗ್ರಹಗಳು ಇದಕ್ಕೆ ಆಲ್ಟೊ ಎಂಬ ಮಾದರಿಯನ್ನು ಬಳಸುತ್ತವೆ. ಹುಡುಕಿದ ಪದದ ಮೇಲೆ ಚಿತ್ರದಲ್ಲೇ ಹಳದಿ ಗುರುತು ಬೀಳುವುದು ಇದರಿಂದ.

ಎರಡನೆಯದು ನಮ್ಮ ಲಿಪಿ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಗುಡಿಸು ಮೇಲೆ ಏಳುತ್ತದೆ. ಕಾಗದ ಉಳಿಸಲು ಸಾಲುಗಳನ್ನು ಒತ್ತಾಗಿ ಜೋಡಿಸಿದ ಹಳೆಯ ಪತ್ರಿಕೆಯಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಚ್ಚುಮೊಳೆ ಸವೆದಿದ್ದರೆ ಮಹಾಪ್ರಾಣಕ್ಕೆ ಹೊಟ್ಟೆ ಸೀಳಿದ ಗೀಟು ಮಾಯವಾಗುತ್ತದೆ, ‘ಧ’ಕಾರ ‘ದ’ಕಾರವಾಗುತ್ತದೆ. ‘ಮ’ ಮತ್ತು ‘ವು’ ಒಂದನ್ನೊಂದು ಹೋಲುತ್ತವೆ. ಎಲ್ಲಕ್ಕಿಂತ ತಮಾಷೆಯದ್ದು ಅರ್ಕಾವೊತ್ತು: ಅದರ ಆಕಾರವೂ ಕನ್ನಡ ಅಂಕಿ ಒಂಬತ್ತರ ಆಕಾರವೂ ಒಂದೇ. ‘ಕರ್ನಾಟಕ’ವನ್ನು ಯಂತ್ರ ‘ಕನಾ೯ಟಕ’ ಎಂದು ಓದುತ್ತದೆ. ಅನುಸ್ವಾರಕ್ಕೂ ಅಂಕಿ ಸೊನ್ನೆಗೂ ಇದೇ ಗೊಂದಲ. ‘ಮಂಗಳೂರು’ ಮತ್ತು ‘ಮ೦ಗಳೂರು’ ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಎರಡು ಬೇರೆ ಪದಗಳು. ಪದದ ನಡುವೆ ಅಂಕಿ ಬಂದರೆ ಅಕ್ಷರಕ್ಕೆ ಬದಲಿಸು ಎಂಬ ಒಂದು ಸಣ್ಣ ನಿಯಮ ಬರೆದರೆ ಇಂಥ ಸಾವಿರಾರು ತಪ್ಪುಗಳು ಒಟ್ಟಿಗೆ ಸರಿಹೋಗುತ್ತವೆ. ಕನ್ನಡ ಬಲ್ಲವರು ತಂಡದಲ್ಲಿರಬೇಕು ಎನ್ನುವುದು ಇದಕ್ಕೇ.

ಮಾರಾಟಗಾರರು ‘ಶೇಕಡಾ 95 ನಿಖರತೆ’ ಎಂದಾಗ ಹಿಗ್ಗುವ ಮುನ್ನ ಒಂದು ಗುಣಾಕಾರ ಮಾಡಿ. ನೂರರಲ್ಲಿ 95 ಅಕ್ಷರ ಸರಿ ಎಂದರೆ, ತಪ್ಪುಗಳು ಎಲ್ಲೆಡೆ ಸಮನಾಗಿ ಹರಡಿವೆ ಎಂದುಕೊಂಡರೂ, ಎಂಟು ಅಕ್ಷರದ ಪದ ಪೂರ್ತಿ ಸರಿಯಾಗಿರುವ ಸಂಭವ ಸುಮಾರು ಶೇಕಡಾ 66 ಮಾತ್ರ. ಮೂರರಲ್ಲಿ ಒಂದು ಪದ ಹುಡುಕಾಟಕ್ಕೆ ಸಿಗುವುದೇ ಇಲ್ಲ. ನಿಖರತೆ 99ಕ್ಕೆ ಏರಿದರೆ ಪದಗಳ ಮಟ್ಟದಲ್ಲಿ ಅದು 92 ಆಗುತ್ತದೆ. ವಿಭಕ್ತಿ, ಸಂಧಿ ಸೇರಿ ಪದಗಳು ಉದ್ದವಾಗುವ ಕನ್ನಡದಲ್ಲಿ ಆ ಕೊನೆಯ ನಾಲ್ಕು ಅಂಶಗಳ ಬೆಲೆ ಬಹಳ.

‘ಮಂಗಳೂರ ಸಮಾಚಾರ’ದಂಥ ಕಲ್ಲಚ್ಚಿನ ಹಾಳೆಗಳ ಮುಂದೆ ಈ ತಂತ್ರಾಂಶಗಳು ಸೋಲುತ್ತವೆ. ಅಲ್ಲಿ ಮೊಳೆಯಿಲ್ಲ, ಕೈಬರಹವೇ ಕಲ್ಲಿನಿಂದ ಅಚ್ಚಾಗಿದೆ. ಅದಕ್ಕೆ ಕೈಬರಹ ಓದಲು ಕಲಿಸಿದ ಬೇರೆ ಬಗೆಯ ಮಾದರಿ ಬೇಕು; ಹತ್ತಾರು ಪುಟಗಳನ್ನು ಮನುಷ್ಯರು ಅಕ್ಷರಶಃ ಬೆರಳಚ್ಚು ಮಾಡಿ ಕೊಟ್ಟ ಮೇಲೆ ಅದು ಕಲಿಯಲು ಆರಂಭಿಸುತ್ತದೆ.

ಕರಾವಳಿಗೇ ವಿಶೇಷವಾದ ಸಂಗತಿ ಇನ್ನೊಂದಿದೆ. ಇಲ್ಲಿ ಕನ್ನಡ ಲಿಪಿ ಎಂದರೆ ಕನ್ನಡ ಭಾಷೆಯೇ ಆಗಬೇಕಿಲ್ಲ. 1938ರಿಂದ ಬರುತ್ತಿರುವ ಕೊಂಕಣಿ ವಾರಪತ್ರಿಕೆ ‘ರಾಕ್ಣೊ’ ಕನ್ನಡ ಲಿಪಿಯಲ್ಲಿದೆ. ಕನ್ನಡ ಪತ್ರಿಕೆಯ ನಡುವೆಯೂ ತುಳು ಪದ್ಯ, ತುಳು ನಾಟಕದ ಜಾಹೀರಾತು ಬರುತ್ತದೆ. ಕನ್ನಡ ಪದಕೋಶ ಇಟ್ಟುಕೊಂಡು ತಿದ್ದುವ ಯಂತ್ರ ಒಳ್ಳೆಯ ತುಳುವನ್ನು ಕೆಟ್ಟ ಕನ್ನಡ ಎಂದು ಭಾವಿಸಿ ‘ಸರಿಪಡಿಸುತ್ತದೆ’. ಆದ್ದರಿಂದ ಲಿಪಿ ಯಾವುದು, ಭಾಷೆ ಯಾವುದು ಎಂದು ಎರಡು ಪ್ರತ್ಯೇಕ ಅಂಕಣಗಳಲ್ಲಿ ದಾಖಲಿಸಬೇಕು. ಇತ್ತೀಚಿನ ಕೃತಕ ಬುದ್ಧಿಮತ್ತೆಯ ಮಾದರಿಗಳು ಇನ್ನೂ ಒಂದು ಹೆಜ್ಜೆ ಮುಂದೆ: ಅಳಿಸಿಹೋದ ಜಾಗದಲ್ಲಿ ನಂಬುವಂಥ ಪದವನ್ನು ತಾವೇ ತುಂಬಿಬಿಡುತ್ತವೆ. ಅಸಂಬದ್ಧ ಪದವಾದರೆ ಓದುಗರು ತಪ್ಪೆಂದು ಹಿಡಿಯಬಹುದು. ಸೊಗಸಾದ ಸುಳ್ಳು ಪದವನ್ನು ಹಿಡಿಯುವುದು ಹೇಗೆ? ಯಂತ್ರ ತಿದ್ದಿದ ಪಠ್ಯವನ್ನು ಕೊಡುವುದಾದರೆ ತಿದ್ದುವ ಮೊದಲಿನದ್ದನ್ನೂ ಮೂಲ ಚಿತ್ರವನ್ನೂ ಪಕ್ಕದಲ್ಲೇ ಇಡಬೇಕು, ಇದರಲ್ಲಿ ರಾಜಿ ಬೇಡ.

ಹುಡುಕಾಟದ ಕಷ್ಟಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ‘ಮಂಗಳೂರು’ ಎಂದು ಹುಡುಕಿದರೆ ‘ಮಂಗಳೂರಿನಲ್ಲಿ’, ‘ಮಂಗಳೂರಿಗೆ’ ಸಿಗುವುದಿಲ್ಲ; ಪ್ರತ್ಯಯ ಕಳಚಿ ನೋಡುವ ವ್ಯವಸ್ಥೆ ಬೇಕು, ಅದಿಲ್ಲದಿದ್ದರೆ ಕೊನೆಯ ಸ್ವರ ಬಿಟ್ಟು ‘ಮಂಗಳೂರ’ ಎಂದಷ್ಟೇ ಹುಡುಕಬೇಕು. ಹಳಬರು ‘ಉಡಿಪಿ’ ಎಂದೂ ಬರೆಯುತ್ತಿದ್ದರು. ಗಾಂಧೀಜಿಯನ್ನು ‘ಮಹಾತ್ಮಾಜಿ’ ಎಂದಿರಬಹುದು. ಕೊಂಕಣಿಯಲ್ಲಿ ಊರು ‘ಕೊಡಿಯಾಲ’, ತುಳುವಿನಲ್ಲಿ ‘ಕುಡ್ಲ’. ಇವನ್ನೆಲ್ಲ ಒಂದಕ್ಕೊಂದು ಜೋಡಿಸುವ ಸ್ಥಳನಾಮ ಪಟ್ಟಿಯನ್ನು ಇಲ್ಲಿಯವರೇ ಮಾಡಬೇಕು. ತಪ್ಪು ತಿದ್ದಲು ಓದುಗರ ಸಹಾಯ ಪಡೆಯುವ ದಾರಿಯೂ ಇದೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ‘ಟ್ರೋವ್’ನಲ್ಲಿ ಹಳೆಯ ಪತ್ರಿಕೆಗಳ ಸಾಲುಗಳನ್ನು ಸಾರ್ವಜನಿಕರೇ ತಿದ್ದುತ್ತಾರೆ, ಕನ್ನಡ ವಿಕಿಸೋರ್ಸ್‌ನಲ್ಲಿ ಪುಸ್ತಕಗಳಿಗೆ ಇದೇ ಕ್ರಮವಿದೆ.

ಹೊಸದೂ ಹಳತೇ

1990ರ ನಂತರದ ಪತ್ರಿಕೆಗಳು ಕಂಪ್ಯೂಟರಿನಲ್ಲೇ ತಯಾರಾದವಲ್ಲವೇ, ಅವಕ್ಕೇನು ಚಿಂತೆ ಎನ್ನುವವರಿದ್ದಾರೆ. ನನಗೆ ಆ ಕಾಲದ ಬಗ್ಗೆಯೇ ಹೆಚ್ಚು ಭಯ. ಆಗ ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯುನಿಕೋಡ್ ಬಳಕೆಗೆ ಬಂದಿರಲಿಲ್ಲ. ಶ್ರೀಲಿಪಿಯಂಥ ತಂತ್ರಾಂಶಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸುತ್ತಿದ್ದರು. ಆ ಫಾಂಟ್ ಇಲ್ಲದೆ ಕಡತ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಪೇಜ್‌ಮೇಕರ್ ಎಂಬ ಪುಟವಿನ್ಯಾಸ ತಂತ್ರಾಂಶದ ಕಡತ ತೆರೆಯುವ ಕಂಪ್ಯೂಟರ್ ಈಗ ಹುಡುಕಬೇಕು, ಫ್ಲಾಪಿ ಓದುವ ಯಂತ್ರ ಅದಕ್ಕಿಂತ ಅಪರೂಪ. ಕಾಗದಕ್ಕೆ ವಯಸ್ಸಾದರೆ ಹಳದಿಯಾಗಿ ಎಚ್ಚರಿಕೆ ಕೊಡುತ್ತದೆ. ಸಿಡಿಗೆ ಆ ಸೌಜನ್ಯವಿಲ್ಲ. ಆ ದಶಕಗಳ ಅಚ್ಚಾದ ಪ್ರತಿ ಸಿಕ್ಕರೆ ‘ಇದು ಈಚಿನದು’ ಎಂದು ಗುಜರಿಗೆ ಹಾಕಬಾರದು.

ಕಾನೂನಿನ ವಿಷಯ ಅಂದುಕೊಂಡಷ್ಟು ಭಯಂಕರವಲ್ಲ. ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಲೇಖಕರ ಹೆಸರಿಲ್ಲದ ಬರಹಕ್ಕೆ ಹಕ್ಕು ಇರುವುದು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ಹೆಸರಿರುವ ಬರಹಕ್ಕೆ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ. 1963ರಲ್ಲಿ ನಿಧನರಾದ ಮಂಜೇಶ್ವರ ಗೋವಿಂದ ಪೈಗಳು ತಮ್ಮ ಜೀವಿತಕಾಲದಲ್ಲಿ ಪ್ರಕಟಿಸಿದ ಬರಹಗಳು 2024ರಿಂದ ಎಲ್ಲರ ಸ್ವತ್ತು. 1968ರಲ್ಲಿ ನಿಧನರಾದ ಕಡೆಂಗೋಡ್ಲು ಅವರದ್ದಕ್ಕೆ 2029ರವರೆಗೆ ಕಾಯಬೇಕು. 1997ರಲ್ಲಿ ನಿಧನರಾದ ಕಾರಂತರದ್ದಕ್ಕೆ 2058ರವರೆಗೆ. ಒಂದೇ ಪುಟದಲ್ಲಿ ಈ ಮೂವರೂ ಇದ್ದರೆ ಒಂದೇ ಪುಟಕ್ಕೆ ಮೂರು ದಿನಾಂಕ. ಅಂತರಜಾಲದಲ್ಲಿ ತೆರೆದಿಡುವುದು ಒಂದು ಪ್ರಶ್ನೆ, ಉಳಿಸಿಕೊಳ್ಳುವುದು ಇನ್ನೊಂದು. ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನಲ್ಲಿ ಕಾಗದದ ಪ್ರತಿ ಇರುವ ಕೃತಿಯನ್ನು ಸಂರಕ್ಷಣೆಗಾಗಿ ಡಿಜಿಟಲ್ ರೂಪದಲ್ಲಿ ಇಟ್ಟುಕೊಳ್ಳಲು 2012ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಹಕ್ಕಿನ ತಕರಾರು ಬಗೆಹರಿಯಲಿ ಎಂದು ಕಾಯುತ್ತಾ ಕಾಗದವನ್ನು ಪುಡಿಯಾಗಲು ಬಿಡಬೇಕಾಗಿಲ್ಲ.

ಸ್ಕ್ಯಾನ್ ಆದ ಮೇಲೆ

ಹಾರ್ಡ್‌ಡಿಸ್ಕ್ ಕೆಲವೇ ವರ್ಷ ಬಾಳುವ ವಸ್ತು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ ಎಂಬುದು ಈ ಕ್ಷೇತ್ರದ ಸಾಮಾನ್ಯ ನಿಯಮ. ಮಂಗಳೂರಿನ ಎರಡು ಕಟ್ಟಡಗಳಲ್ಲಿ ಇಟ್ಟರೆ ಅದೇ ಮಳೆ, ಅದೇ ಸಿಡಿಲು. ಪ್ರತಿ ಕಡತಕ್ಕೂ ಚೆಕ್‌ಸಮ್ ಎಂಬ ಗಣಿತದ ಗುರುತನ್ನು ತೆಗೆದಿಟ್ಟು, ಆಗಾಗ ಹೋಲಿಸಿ ನೋಡುತ್ತಾರೆ. ಒಂದು ಬಿಂದು ಕೆಟ್ಟರೂ ಗುರುತು ಬದಲಾಗುತ್ತದೆ, ಕೆಡದ ಪ್ರತಿಯಿಂದ ಸರಿಪಡಿಸಬಹುದು. ಇದು ಪ್ರತಿವರ್ಷದ ಖರ್ಚು. ಯೋಜನೆಯ ಹಣ ಮುಗಿದ ಮಾರನೆಯ ವರ್ಷ ಯಾರು ಕೊಡುತ್ತಾರೆ ಎಂದು ಮೊದಲೇ ಬರೆದಿಡದ ಡಿಜಿಟಲೀಕರಣ ಯೋಜನೆಯನ್ನು ನಾನು ನಂಬುವುದಿಲ್ಲ.

ಮೂಲ ಕಾಗದ? ಇಟ್ಟುಕೊಳ್ಳಲೇಬೇಕು. ಕಳೆದ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ದೊಡ್ಡ ಗ್ರಂಥಾಲಯಗಳು ಪತ್ರಿಕೆಗಳನ್ನು ಮೈಕ್ರೋಫಿಲ್ಮ್ ಮಾಡಿಸಿ ಸಂಪುಟಗಳನ್ನು ವಿಲೇವಾರಿ ಮಾಡಿದವು. ಆಮೇಲೆ ನೋಡಿದರೆ ಫಿಲ್ಮಿನಲ್ಲಿ ಬಿಟ್ಟುಹೋದ ಪುಟಗಳು, ಮಸುಕಾದ ಪುಟಗಳು, ಕಪ್ಪುಬಿಳುಪಿನಲ್ಲಿ ಕಳೆದುಹೋದ ಬಣ್ಣದ ಪುರವಣಿಗಳು. ಮತ್ತೆ ತೆಗೆಯೋಣವೆಂದರೆ ಮೂಲವೇ ಇರಲಿಲ್ಲ.

ನಿಮ್ಮ ಮನೆಯ ಅಟ್ಟದಲ್ಲಿ ಅಜ್ಜನ ಕಾಲದ ಪತ್ರಿಕೆಯ ಕಟ್ಟು ಇದ್ದರೆ ಹಗ್ಗ ಬಿಚ್ಚಿ, ಸುರುಳಿ ಸುತ್ತದೆ ಮಲಗಿಸಿಡಿ. ನೆಲಕ್ಕೂ ಗೋಡೆಗೂ ತಾಗದಿರಲಿ. ಬಿಸಿಲಿಗೆ ಹಾಕಬೇಡಿ, ನೆರಳಿನಲ್ಲಿ ಗಾಳಿಯಾಡಿದರೆ ಸಾಕು. ಬೂಷ್ಟು ಹಿಡಿದಿದ್ದರೆ ಬೇರೆ ಕಟ್ಟುಗಳಿಂದ ದೂರ ಇಡಿ. ಬಳಿಕ ಒಂದು ಹಾಳೆಯಲ್ಲಿ ಪತ್ರಿಕೆಯ ಹೆಸರು, ಮೊದಲ ಮತ್ತು ಕೊನೆಯ ಸಂಚಿಕೆಯ ದಿನಾಂಕ, ನಡುವೆ ಯಾವುದು ಇಲ್ಲ, ಯಾರ ಮನೆಯಿಂದ ಬಂದದ್ದು ಎಂದು ಬರೆದು ಕಟ್ಟಿನ ಮೇಲಿಡಿ. ಆ ಹಾಳೆಯ ಇನ್ನೊಂದು ಪ್ರತಿಯನ್ನು ಹತ್ತಿರದ ಕಾಲೇಜಿನ ಗ್ರಂಥಪಾಲಕರಿಗೆ ಕೊಡಿ, ಕಟ್ಟನ್ನು ಕೊಡುವ ಮನಸ್ಸು ಇನ್ನೂ ಬಂದಿರದಿದ್ದರೂ ಸರಿ.